ಗುರುವಾರದ ಪ್ರಯಾಣಿಕರು

(ಒಂಬತ್ತನೆಯ ಕಂತು)

"ನಾನು ಒಳಗೆ ಬರಲ್ಲಪ್ಪಾ. ನಿಂಗೆ ಬೇಕಾದ್ರೆ ನೀನು ಹೋಗು."

ಬುರುಲ್ ಅಪಾ ಪೊರಕೆಯನ್ನು ವಿಮಾನದ ಮೆಟ್ಟಿಲಿಗೆ ಒರಗಿಸಿ, ಶಾಲನ್ನು ಮೂಗಿನವರೆಗೂ ಎಳೆದುಕೊಂಡು ನಿಂತುಬಿಟ್ಟಳು. ಹದಿನೆಂಟು ವರ್ಷದಿಂದ ಇದೇ ವಿಮಾನ ಗುಡಿಸುತ್ತಿರುವ ಮುದುಕಿ. ಗುರುವಾರ ಮಾತ್ರ ಒಳಗೆ ಕಾಲಿಡುವುದಿಲ್ಲವಂತೆ.

"ಅಪಾ, ಖಾಲಿ ವಿಮಾನಕ್ಕೆ ಯಾರಾದ್ರೂ ಹೆದರ್ತಾರಾ?"

"ಖಾಲಿ ಅಂತ ನಿಂಗ್ಯಾರು ಹೇಳಿದ್ರು?"

ಬೆಳಿಗ್ಗೆ ಒಂಬತ್ತೂವರೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ವಿಮಾನದ ಬಾಲ ಇದೆಯೋ ಇಲ್ಲವೋ ಎಂದು ಹೇಳುವಂತಿರಲಿಲ್ಲ. ನಾನು ಮಂಡಿ ಹಿಡಿದುಕೊಂಡು, ಐವತ್ತೆಂಟರ ವಯಸ್ಸಿಗೆ ಬೈದುಕೊಳ್ಳುತ್ತ, ಎಂಟು ಮೆಟ್ಟಿಲು ಹತ್ತಿದೆ.

ಮೊದಲು ಬಡಿದದ್ದು ವಾಸನೆ. ಕಾದ ಎಣ್ಣೆಯ ವಾಸನೆ. ಈ ವಿಮಾನದಲ್ಲಿ ಅಡುಗೆಮನೆ ಹೋಗಲಿ, ಟೀಗೆ ಬಿಸಿನೀರು ಕೂಡ ಫ್ಲಾಸ್ಕಿನಲ್ಲಿ ಬರಬೇಕು. ಒಳಗಿನ ಚಳಿಗೆ ನನ್ನ ಉಸಿರು ಹೊಗೆಯಾಗುತ್ತಿತ್ತು, ಆದರೂ ಯಾರೋ ಈಗಷ್ಟೇ ಬಾಣಲೆ ಇಳಿಸಿ ಹೋದ ಹಾಗೆ ವಾಸನೆ.

ನಲವತ್ತು ಸೀಟು. ನಲವತ್ತಕ್ಕೂ ಬೆಲ್ಟ್ ಬಿಗಿದಿತ್ತು. ಸುಮ್ಮನೆ ಸಿಕ್ಕಿಸಿದ್ದಲ್ಲ, ಕೂತವರ ಸೊಂಟದ ಅಳತೆಗೆ ಬಿಗಿದಿದ್ದು. ಒಂದೊಂದರ ಅಳತೆ ಒಂದೊಂದು ಥರ.

ಮುಂದಿನ ಸೀಟಿನ ಬೆನ್ನಿನ ಜೇಬಿನಲ್ಲಿ ಕಾಗದದ ಪೊಟ್ಟಣ. ಬಿಚ್ಚಿದೆ. ಬೊರ್ಸೋಕ್. ನಮ್ಮ ಮನೆಗಳಲ್ಲಿ ಕರಿಯುವ ಅದೇ ಹಿಟ್ಟಿನ ತುಂಡುಗಳು. ಎಣಿಸಿದೆ, ಏಳು. ಪಕ್ಕದ ಸೀಟಿನದು ಬಿಚ್ಚಿದೆ. ಏಳು. ಮೂರನೆಯದನ್ನು ಬಿಚ್ಚುವ ಧೈರ್ಯ ಬರಲಿಲ್ಲ, ಯಾಕೆಂದರೆ ಎರಡನೆಯ ಪೊಟ್ಟಣದ್ದು ಇನ್ನೂ ಬೆಚ್ಚಗಿತ್ತು.

ಗುರುವಾರ ಏಳು ತುಂಡು ಕರಿಯುವುದು ಯಾರಿಗೆ ಅಂತ ನಮ್ಮಲ್ಲಿ ಹಸುಳೆಯನ್ನು ಕೇಳಿದರೂ ಹೇಳುತ್ತದೆ. ಹೋದವರು ಆ ವಾಸನೆ ಹಿಡಿದು ಹೊಸ್ತಿಲಿನ ತನಕ ಬರುತ್ತಾರೆ, ಮನೆಯವರು ತಮ್ಮನ್ನು ಮರೆತಿಲ್ಲವೆಂದು ನೋಡಿಕೊಂಡು ತಿರುಗಿ ಹೋಗುತ್ತಾರೆ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಬಿದ್ದ ವಿಮಾನ, ಸುಟ್ಟ ವಿಮಾನ ಎಲ್ಲ ನೋಡಿದ್ದೇನೆ. ನೆಟ್ಟಗೆ ನಿಂತಿರುವ ವಿಮಾನ ನನ್ನನ್ನು ಓಡಿಸಿದ್ದು ಇದೇ ಮೊದಲು.

ಹೋದ ಗುರುವಾರದ ಪಟ್ಟಿಯ ಪ್ರಕಾರ ಈ ವಿಮಾನ ಹತ್ತಿದವರು ಮೂವತ್ತೊಂದು ಜನ, ರಾಜಧಾನಿ ಬಿಷ್ಕೆಕ್‌ನಲ್ಲಿ ಇಳಿದವರು ನಾಲ್ಕೇ ನಾಲ್ಕು. ಉಳಿದ ಇಪ್ಪತ್ತೇಳು ಮಂದಿ ಆಕಾಶದಲ್ಲಿ ಎಲ್ಲಿ ಕರಗಿದರೆಂದು ಪತ್ತೆ ಮಾಡಲು ವಿಮಾನಯಾನ ಇಲಾಖೆ ನನ್ನನ್ನು ಈ ಕಣಿವೆಯ ಕೊಕ್-ಬುಲುನ್‌ಗೆ ಕಳಿಸಿ ಐದು ದಿನವಾಗಿತ್ತು. ಐದೂ ದಿನ ಮನೆಮನೆ ಅಲೆದಿದ್ದೆ. ಪಟ್ಟಿಯ ಹೆಸರು ಹೇಳಿದ ಕೂಡಲೇ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಇವತ್ತು ಮಧ್ಯಾಹ್ನ ಎರಡಕ್ಕೆ ಫೋನ್ ಮಾಡಿ ಇಲಾಖೆಗೆ ಉತ್ತರ ಹೇಳಬೇಕಿತ್ತು. ಪಟ್ಟಿ ಸುಳ್ಳು ಅಂದರೆ ಈ ವಿಮಾನ ಓಡಿಸುವ ಕೊಕ್-ಕನಟ್ ಕಂಪನಿಗೆ ಸರ್ಕಾರದ ನೆರವು ಇವತ್ತೇ ನಿಲ್ಲುತ್ತದೆ, ವಿಮಾನ ಈ ಕಣಿವೆಗೆ ಮತ್ತೆ ಬರುವುದಿಲ್ಲ. ಘಾಟಿ ರಸ್ತೆ ಹಿಮ ಬಿದ್ದು ಮುಚ್ಚಿದೆ. ತೆರೆಯುವುದು ಏಪ್ರಿಲ್‌ಗೆ.

ಕೆಳಗಿಳಿದು ಬುರುಲ್ ಅಪಾಳ ಎದುರು ಪಟ್ಟಿ ಬಿಚ್ಚಿದೆ. "ಅಪಾ, ನೀನಾದ್ರೂ ಬಾಯಿ ಬಿಡು. ಈ ಸಾತಿಂಬಾಯ್ ಅನ್ನೋನು ಯಾರು? ಎಲ್ಲಿರ್ತಾನೆ?"

ಮುದುಕಿ ಅಂಗಿಯ ಕೊರಳಪಟ್ಟಿ ಎತ್ತಿ ಒಳಗೆ ಮೂರು ಸಲ ಥೂ ಥೂ ಅಂದಳು.

"ನನ್ನ ತಮ್ಮ. ಅಲ್ಲಿದ್ದಾನೆ ನೋಡು," ಎಂದು ರನ್‌ವೇಯ ಹಿಂದಿನ ದಿಬ್ಬದ ಕಡೆ ಗದ್ದ ಎತ್ತಿದಳು. "ಎರಡನೇ ಸಾಲು. ಹೋಗಿ ಆರು ವರ್ಷ ಆಯ್ತು."

*

ನಮ್ಮ ಗೋರಿಗಳ ಜಾಗ ದೂರದಿಂದ ನೋಡಿದರೆ ಊರೇ ಅನ್ನಿಸುತ್ತದೆ. ಮಣ್ಣಿನ ಗೋಡೆ, ಗುಮ್ಮಟ, ಕಬ್ಬಿಣದ ಸರಳಿನಲ್ಲಿ ಕಟ್ಟಿದ ಡೇರೆಯ ಚೌಕಟ್ಟು. ಬದುಕಿದ್ದಾಗ ಇಲ್ಲದ ಮನೆ ಸತ್ತ ಮೇಲೆ ಸಿಗುತ್ತದೆ. ಬುರುಲ್ ಅಪಾ ಗೇಟಿನ ಹತ್ತಿರವೇ ನಿಂತಳು. ನಾನು ಪಟ್ಟಿ ಹಿಡಿದು ಒಳಗೆ ಹೋದೆ.

ಮೊದಲ ಸಾಲಿನ ಮೊದಲ ಕಲ್ಲು. ಕಪ್ಪು ಕಲ್ಲಿನಲ್ಲಿ ಕೊರೆದ ಮುಖ, ಕೆಳಗೆ ಹೆಸರು. ಪಟ್ಟಿಯ ಮೊದಲ ಹೆಸರು ಅದೇ. ಎರಡನೆಯ ಕಲ್ಲು, ಎರಡನೆಯ ಹೆಸರು. ಮೂರನೆಯದು, ನಾಲ್ಕನೆಯದು. ಹಿಮದಲ್ಲಿ ಕಾಲು ಎಳೆಯುತ್ತ ನಾನು ಹೆಸರು ಕೂಗುತ್ತ ಹೋದೆ, ಮಂಜಿನೊಳಗಿಂದ ಒಂದೊಂದೇ ಮುಖ ಹಾಜರಾಗುತ್ತ ಬಂತು. ಗಡ್ಡದ ಮುದುಕ, ಪದಕ ಧರಿಸಿದ ಹೆಂಗಸು, ನಗುತ್ತಿದ್ದ ಡ್ರೈವರ್. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಹಾಕಿದ ಹಾಗೆ. ನಾನು ದೆವ್ವ ಗಿವ್ವ ನಂಬುವವನಲ್ಲ. ಆದರೆ ಹನ್ನೊಂದನೆಯ ಹೆಸರಿನಿಂದ ಮುಂದೆ ನಾನು ಕೂಗುವುದನ್ನು ನಿಲ್ಲಿಸಿ ಮನಸ್ಸಿನಲ್ಲೇ ಓದಿಕೊಂಡೆ.

ಎರಡನೆಯ ಸಾಲಿನ ನಡುವೆ ತಾಳ ತಪ್ಪಿತು.

ನೀಲಿ ಬಣ್ಣದ ಕಬ್ಬಿಣದ ಬೇಲಿ. ಒಳಗೆ ನಾಲ್ಕು ದೊಡ್ಡ ಗೋರಿ, ಒಂದು ಪುಟ್ಟದು. ಸೂರಂಚಿ, ಅವನ ಅಣ್ಣ ಅಬ್ದಿಲಾಸ್, ಸೂರಂಚಿಯ ದೊಡ್ಡ ಮಗ ಬೊಲೊತ್. ಈ ಮೂರೂ ಹೆಸರು ಪಟ್ಟಿಯಲ್ಲಿಲ್ಲ. ನಾಲ್ಕನೆಯವನು ಹತ್ತೊಂಬತ್ತರ ಹುಡುಗ, ಅದೇ ಮನೆಯ ಮೊಮ್ಮಗ. ಅವನ ಹೆಸರು ಪಟ್ಟಿಯಲ್ಲಿದೆ. ಅಲ್ಲಿಂದ ಮುಂದೆ ಮತ್ತೆ ಸಾಲು ಸರಿಯಾಗಿ ಹೋಗುತ್ತದೆ.

ಪುಟ್ಟ ಗೋರಿಗೆ ಹೆಸರೇ ಇರಲಿಲ್ಲ. ಅದರ ಮೇಲಿನ ಹಿಮವನ್ನು ಮಾತ್ರ ಯಾರೋ ಕೈಯಿಂದ ಗುಡಿಸಿದ್ದರು, ಬೆರಳಿನ ಗುರುತು ಕಾಣುತ್ತಿತ್ತು.

ಬೇಲಿ ಹಿಡಿದುಕೊಂಡು ಯೋಚಿಸಿದೆ. ಪರಕೀಯನಾದರೆ ಎಲ್ಲ ಹೆಸರೂ ಬರೆಯುತ್ತಿದ್ದ. ಆ ಮನೆಯ ರಕ್ತದವನಾದರೆ ನಾಚಿಕೆಗೆ ನಾಲ್ಕನ್ನೂ ಬಿಡುತ್ತಿದ್ದ. ಹಿರಿಯರ ಮೂರು ಹೆಸರು ಬಿಟ್ಟು, ಕಿರಿಯನ ಒಂದು ಹೆಸರು ಬರೆದವರು ಯಾರು?

ಆಗ ನನ್ನ ಹೆಂಡತಿಯ ನೆನಪಾಯಿತು. ಮದುವೆಯಾಗಿ ಮೂವತ್ತೆರಡು ವರ್ಷ; ನನ್ನ ಅಪ್ಪನ ಹೆಸರು ಅವಳ ಬಾಯಿಂದ ಒಂದು ದಿನ ಬಂದಿಲ್ಲ. ಆಸ್ಪತ್ರೆಯ ಅರ್ಜಿಯಲ್ಲಿ ಮಾವನ ಹೆಸರು ತುಂಬಬೇಕಾಗಿ ಬಂದಾಗ ಪಕ್ಕದ ಮನೆಯವಳನ್ನು ಕರೆಸಿ ಬರೆಸಿದಳು, ಡಾಕ್ಟರು ಬೈದರೂ ಪೆನ್ನು ಮುಟ್ಟಲಿಲ್ಲ. ಗಂಡನ ಮನೆಯ ಹಿರಿಯರ ಹೆಸರನ್ನು ಸೊಸೆ ಹೇಳುವುದಿಲ್ಲ, ಬರೆಯುವುದೂ ಇಲ್ಲ. ತಲೆ ಹೋದರೂ ಇಲ್ಲ.

ನನ್ನಷ್ಟಕ್ಕೆ ನಾನೇ ನಕ್ಕುಬಿಟ್ಟೆ. ಗೋರಿಗಳ ನಡುವೆ ನಗಬಾರದಿತ್ತು.

ಗೇಟಿನ ಹತ್ತಿರ ಬಂದು ಕೇಳಿದೆ, "ಅಪಾ, ನೀಲಿ ಬೇಲಿ ಮನೆಯವರ ಸೊಸೆ ಯಾರು?"

ಮುದುಕಿ ನೆಲ ನೋಡಿದಳು. "ಅವಳಿಗೇನೂ ಮಾಡ್ಬೇಡ ಮಗಾ. ಬಸುರಿ ಹೆಂಗಸು."

*

ಟಿಕೆಟ್ ಕೋಣೆಯಲ್ಲಿ ಒಲೆ ಉರಿಯುತ್ತಿತ್ತು. ಟಿಕೆಟ್ ಬರೆಯುವ ಕಾಲಿಚಾ ಏಳು ತಿಂಗಳ ಹೊಟ್ಟೆಯನ್ನು ಮೇಜಿನ ಅಂಚಿಗೆ ತಾಗಿಸಿಕೊಂಡು ಕೂತಿದ್ದಳು. ಮೂವತ್ತು, ಮೂವತ್ತೆರಡರ ಹೆಂಗಸು. ಐದು ದಿನದಿಂದ ನನಗೆ ಟೀ ಕೊಟ್ಟವಳು ಅವಳೇ. ಐದು ದಿನವೂ ನಾನು ಕಳ್ಳನನ್ನು ಬೇರೆ ಕಡೆ ಹುಡುಕಿದ್ದೆ.

"ಬನ್ನಿ ಬೈಕೆ, ಕೂತ್ಕೊಳ್ಳಿ. ಮೂಗೆಲ್ಲ ಕೆಂಪಾಗಿದೆ. ಟೀ ಹಾಕ್ಲಾ?" ಬೈಕೆ ಅಂದರೆ ನಮ್ಮಲ್ಲಿ ಅಣ್ಣ.

"ಟೀ ಆಮೇಲೆ. ಮೊದ್ಲು ಇದನ್ನ ಓದಮ್ಮ." ಕಲ್ಲಿನಿಂದ ನಕಲು ಮಾಡಿಕೊಂಡ ಮೂರು ಹೆಸರಿನ ಚೀಟಿಯನ್ನು ಅವಳ ಮುಂದೆ ತಳ್ಳಿದೆ.

ಚೀಟಿ ನೋಡಿದಳು. ಮುಖದಲ್ಲಿದ್ದ ಬಣ್ಣ ಇಳಿಯಿತು.

"ಅಕ್ಷರ ಕಾಣ್ತಾ ಇಲ್ಲ. ಕನ್ನಡಕ ಇಲ್ಲ."

"ನೀನ್ಯಾವತ್ತು ಕನ್ನಡಕ ಹಾಕಿದ್ದೆ?"

"ಬೇರೆ ಯಾರ ಹತ್ರಾನಾದ್ರೂ ಓದ್ಸಿ."

"ಯಾಕೆ? ಮೂರೇ ಮೂರು ಹೆಸರು."

ಅವಳು ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಮರ್ಯಾದೆಯಿಂದ, ಮಡಿಸಿ ನನ್ನ ಕಡೆ ಸರಿಸಿದಳು. "ನಿಮ್ಮ ಮನೇಲೂ ಹೆಂಡತಿ ಇದಾರೆ ಬೈಕೆ. ಗೊತ್ತಿದ್ದೂ ಗೊತ್ತಿದ್ದೂ ಈ ಥರ ಕೇಳ್ತಾರಾ?"

"ಊರಿನ ಹೆಣಗಳನ್ನೆಲ್ಲ ವಿಮಾನ ಹತ್ತಿಸ್ದೆ. ಈ ಮೂರರ ಹತ್ರ ಬಂದಾಗ ಪೆನ್ನು ಎತ್ತಿದೆ."

"ಎತ್ತದೇ ಇನ್ನೇನ್ ಮಾಡ್ಲಿ? ಮಾವನ ಹೆಸರು ಬರೆದ್ರೆ ಕೈ ಬಿದ್ದು ಹೋಗಲ್ವಾ?" ಎಂದವಳು ತಟ್ಟನೆ ಬಾಯಿ ಮುಚ್ಚಿಕೊಂಡಳು. ಹೇಳಿಬಿಟ್ಟಿದ್ದಳು.

ಒಲೆಯಲ್ಲಿ ಕಟ್ಟಿಗೆ ಚಟ್ ಎಂದಿತು. ನಾನು ಟೋಪಿ ತೆಗೆದು ಮೇಜಿನ ಮೇಲಿಟ್ಟೆ. ಸಿಟ್ಟು ಬರಬೇಕಿತ್ತು, ಬರುತ್ತಿರಲಿಲ್ಲ. ಅದಕ್ಕೇ ಇನ್ನಷ್ಟು ಸಿಡುಕಿದೆ.

"ಯಾಕೆ ಮಾಡ್ದೆ? ಸಂಬಳ ಜಾಸ್ತಿ ಮಾಡ್ತೀನಂದ್ರಾ ನಿಮ್ಮ ಸಾಹುಕಾರರು?"

"ಸಂಬಳಾನಾ?" ಅವಳು ನಕ್ಕಳು. "ಮೂರು ತಿಂಗಳಿಂದ ಸಂಬಳದ ಮುಖ ನೋಡಿಲ್ಲ. ನೀವು ದೊಡ್ಡ ಆಫೀಸ್‌ನವರು, ನಿಮಗೆ ಗೊತ್ತಿರಬೇಕಲ್ಲ. ಮೂವತ್ತು ಸೀಟು ತುಂಬಿದ್ರೆ ಸರ್ಕಾರ ಅರ್ಧ ಖರ್ಚು ಕೊಡುತ್ತೆ. ಇಪ್ಪತ್ತೊಂಬತ್ತಾದ್ರೆ ಒಂದು ಸೊಮ್ ದುಡ್ಡೂ ಇಲ್ಲ. ಬೇಸಿಗೇಲಿ ಪ್ರವಾಸಿಗಳು ಬರ್ತಾರೆ, ಸರಿ. ಈ ಚಳೀಲಿ ಯಾರು ಬರ್ತಾರೆ? ಕುರಿಗಳು ಟಿಕೆಟ್ ತಗೊಳ್ತವಾ?"

"ಕಂಪನಿ ನಷ್ಟ ಕಂಪನಿದು. ನಿನಗೇನು?"

"ಮೂರು ವಿಮಾನ ಇತ್ತು ಇವ್ರ ಹತ್ರ. ಇಂಧನದ ರೇಟು ಏರಿದ್ಮೇಲೆ ಒಂದರ ಎಂಜಿನ್ ಬಿಚ್ಚಿ ಇನ್ನೊಂದಕ್ಕೆ ಹಾಕಿದ್ರು. ಇನ್ನೊಂದನ್ನ ಬಾಡಿಗೆ ಕೊಟ್ಟೋರು ಬಂದು ಎಳ್ಕೊಂಡು ಹೋದ್ರು. ಉಳಿದಿದ್ದು ಇದೊಂದೇ. ಇದೂ ನಿಂತ್ರೆ..." ಮಾತು ನಿಲ್ಲಿಸಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

ನಾನು ಕೇಳಲಿಲ್ಲ. ಅವಳೇ ಹೇಳಿದಳು.

"ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ಇದೇ ಥರ ದುಡ್ಡಿಲ್ಲ ಅಂತ ಒಂದು ತಿಂಗಳು ವಿಮಾನ ನಿಲ್ಸಿದ್ರು. ನನಗೆ ನೋವು ಶುರುವಾಯ್ತು. ಇಲ್ಲಿ ಹೊಟ್ಟೆ ಕೊಯ್ಯೋ ಡಾಕ್ಟ್ರಿಲ್ಲ. ಆಂಬ್ಯುಲೆನ್ಸಲ್ಲಿ ಘಾಟಿ ಹತ್ತಿದ್ವಿ. ಹನ್ನೊಂದು ಗಂಟೆ ಹಿಮದಲ್ಲಿ ಸಿಕ್ಹಾಕ್ಕೊಂಡ್ವಿ ಬೈಕೆ. ಮಗು ಅತ್ತಿದ್ದು ಕೇಳಿಸ್ತು. ಆಮೇಲೆ ಕೇಳಿಸ್ಲಿಲ್ಲ."

ಬೆರಳಿನ ಗುರುತಿದ್ದ ಆ ಪುಟ್ಟ ಗೋರಿ ಕಣ್ಣ ಮುಂದೆ ಬಂತು. ಎಲ್ಲಾದರೂ ನೋಡಬೇಕಲ್ಲ ಎಂದು ಕಿಟಕಿ ನೋಡಿದೆ.

"ಈ ಸಲಾನೂ ಕೊಯ್ದೇ ತೆಗೀಬೇಕು ಅಂದಿದಾರೆ. ಬಿಷ್ಕೆಕ್‌ಗೇ ಹೋಗ್ಬೇಕು. ಮುಂದಿನ ತಿಂಗಳ ತನಕ ವಿಮಾನ ಹಾರ್ತಾ ಇದ್ರೆ ಸಾಕು ನನಗೆ. ಮಗೂನ ನೋಡೋಕೆ ಅಂತ ದಿಬ್ಬಕ್ಕೆ ಹೋಗ್ತಾ ಇದ್ನಲ್ಲ, ಬರ್ತಾ ದಾರೀಲಿ ಹೆಸರು ಬರ್ಕೊಂಡೆ. ಸತ್ತವರ ಪಾಸ್‌ಪೋರ್ಟೆಲ್ಲ ಇದೇ ಕಟ್ಟಡದ ಮೇಲಿನ ಜನನ-ಮರಣ ಕಚೇರೀಲಿ ಬಿದ್ದಿರುತ್ತೆ, ನಂಬರು ಅಲ್ಲಿ ಸಿಕ್ತು. ಊರಲ್ಲಿ ಎಲ್ರಿಗೂ ಗೊತ್ತು. ಯಾರೂ ಬಾಯಿ ಬಿಡ್ಲಿಲ್ಲ, ಅವ್ರ ಮನೇಲೂ ಬಸುರೀರು ಇದಾರೆ, ಮುದುಕ್ರು ಇದಾರೆ."

"ಮತ್ತೆ ಆ ಬೊರ್ಸೋಕ್?"

"ಹೆಸರು ಬಳಸ್ಕೊಂಡು ಹಸಿದ ಹೊಟ್ಟೇಲಿ ಕಳ್ಸೋಕಾಗುತ್ತಾ? ಬೆಳಿಗ್ಗೆ ಎದ್ದು ಕರಿದು, ಪ್ರಾರ್ಥನೆ ಹೇಳಿ ಇಡ್ತೀನಿ. ಬೆಲ್ಟೂ ನಾನೇ ಹಾಕ್ತೀನಿ."

"ಬೆಲ್ಟ್ ಯಾಕೆ ತಂಗಿ?"

"ಘಾಟಿ ಮೇಲೆ ವಿಮಾನ ತುಂಬಾ ಕುಲುಕುತ್ತಲ್ಲ ಬೈಕೆ," ಅಂದಳು. ಒಂದಿಷ್ಟೂ ತಮಾಷೆ ಇರಲಿಲ್ಲ ಆ ದನಿಯಲ್ಲಿ.

ಇಂಥವಳನ್ನು ಹಿಡಿದುಕೊಂಡು ನಾನು ಯಾವ ಇಲಾಖೆಗೆ ಯಾವ ಉತ್ತರ ಕೊಡಲಿ? ನಾನು ಗಡುಸಾಗಿ ಹೇಳಿದೆ, "ಸುಳ್ಳು ಪಟ್ಟಿ ಅಂದ್ರೆ ಜೈಲು. ಗೊತ್ತಿದೆಯಾ?"

"ಹಾಕ್ಸಿ. ಹೆರಿಗೆ ಆದ್ಮೇಲೆ ಹಾಕ್ಸಿ. ನಾನೇ ನಡ್ಕೊಂಡು ಬರ್ತೀನಿ."

"ಇವತ್ತಿನ ಪಟ್ಟಿ ಎಲ್ಲಿ, ಕೊಡು."

"ಇವತ್ತಿನದು ನಾನು ಬರೆದಿಲ್ಲ. ಎಸೆನ್ಕುಲ್ ಬೈಕೆ ತಾನೇ ಬರೀತೀನಿ ಅಂದ್ರು." ಎಸೆನ್ಕುಲ್ ಅಂದರೆ ಈ ನಿಲ್ದಾಣದ ಮುಖ್ಯಸ್ಥ, ಬಂದ ದಿನದಿಂದ ನನಗೆ ಮುಖ ಕೊಡದೆ ತಪ್ಪಿಸಿಕೊಂಡು ತಿರುಗುತ್ತಿದ್ದ ಮನುಷ್ಯ. "ಇವತ್ತು ನಲವತ್ತೂ ಭರ್ತಿ ಅಂದ್ರು. ಅದಕ್ಕೇ ನಲವತ್ತಕ್ಕೂ ಕರಿದಿಟ್ಟೆ. ಮೇಲಿನ ಕಚೇರಿಯಿಂದ ಹಳೇ ಪಾಸ್‌ಪೋರ್ಟಿನ ಕಟ್ಟೂ ತಗೊಂಡು ಹೋದ್ರು."

"ಪಟ್ಟಿ ಬರೆಯೋಕೆ ನಂಬರು ಸಾಕು. ಪಾಸ್‌ಪೋರ್ಟೇ ಯಾಕೆ ಬೇಕು?"

"ನಾನೂ ಅದನ್ನೇ ಕೇಳ್ದೆ. ಬೈದುಬಿಟ್ರು."

ಆಗಲೇ ಹೊರಗೆ ಎಂಜಿನ್ ಗುರ್ರೆಂದಿತು. ಗಡಿಯಾರ ನೋಡಿದೆ. ಹನ್ನೆರಡೂ ಇಪ್ಪತ್ತು. ವಿಮಾನ ಹೊರಡಬೇಕಾದದ್ದು ಒಂದು ಗಂಟೆಗೆ. ಇಪ್ಪತ್ತಾರು ವರ್ಷದಲ್ಲಿ ಈ ದೇಶದಲ್ಲಿ ಯಾವ ವಿಮಾನವೂ ವೇಳೆಗೆ ಮುಂಚೆ ಎಂಜಿನ್ ಶುರು ಮಾಡಿದ್ದನ್ನು ನಾನು ಕಂಡಿಲ್ಲ.

ಏಳುವಷ್ಟರಲ್ಲಿ ಕಾಲಿಚಾ ಮೇಜಿನ ಅಂಚು ಹಿಡಿದುಕೊಂಡಳು. "ಬೈಕೆ..." ಎಂದಳು, ಬಹಳ ಸಣ್ಣಗೆ. ಕುರ್ಚಿಯ ಕೆಳಗೆ, ನೆಲದ ಹಲಗೆಯ ಮೇಲೆ ರಕ್ತ ಹನಿಯುತ್ತಿತ್ತು.

*

ನನಗೆ ಹೆದರಿಕೆಯಾಯಿತು. ಈ ಊರಿನಲ್ಲಿರುವುದು ಒಬ್ಬ ದಾದಿ, ಅವಳಿಗೆ ಚುಚ್ಚುಮದ್ದು ಕೊಡುವುದಷ್ಟೇ ಗೊತ್ತು. ಉಳಿದದ್ದು ಒಂದೇ ದಾರಿ, ಅದು ಹೊರಗೆ ರೆಕ್ಕೆ ಅಲುಗಿಸುತ್ತ ನಿಂತಿತ್ತು.

ಬುರುಲ್ ಅಪಾಳನ್ನು ಕೂಗಿದೆ. ಸಾಮಾನು ಎಳೆಯುವ ಗಾಡಿಯ ಮೇಲೆ ಕಂಬಳಿ ಹಾಸಿ ಕಾಲಿಚಾಳನ್ನು ಮಲಗಿಸಿದೆವು. ಮುದುಕಿಯೂ ನಾನೂ ತಳ್ಳಿದೆವು. ಮಂಜು ನೆಲದಿಂದ ಸ್ವಲ್ಪ ಮೇಲೆದ್ದು ಮೋಡವಾಗಿ ಕೂತಿತ್ತು, ರನ್‌ವೇಯ ಕೊನೆ ಕಾಣುತ್ತಿತ್ತು.

ಮೆಟ್ಟಿಲಿನ ಬುಡದಲ್ಲಿ ಎಸೆನ್ಕುಲ್ ನಿಂತಿದ್ದ. ನಮ್ಮನ್ನು ನೋಡಿದವನೇ ಎರಡೂ ಕೈ ಅಡ್ಡ ಚಾಚಿದ.

"ಸೀಟಿಲ್ಲ! ನಲವತ್ತೂ ಭರ್ತಿ. ಒಂದು ಕಿಲೋ ಜಾಸ್ತಿಯಾದ್ರೂ ಈ ಎತ್ತರದಲ್ಲಿ ವಿಮಾನ ಏಳಲ್ಲ."

"ನಿನ್ನ ಪ್ರಯಾಣಿಕರು ಯಾರೂಂತ ನನಗೆ ಗೊತ್ತಯ್ಯಾ. ಅವರು ಎದ್ದು ಜಾಗ ಕೊಡ್ತಾರೆ, ಸರಿ ಆಚೆ."

ಅವನನ್ನು ತಳ್ಳಿ ಮೆಟ್ಟಿಲು ಹತ್ತಿದೆ. ಒಳಗೆ ತಲೆ ಹಾಕಿದೆ. ಹಾಕಿದ ತಲೆ ಹಾಗೇ ನಿಂತಿತು.

ನಲವತ್ತು ಸೀಟಿನಲ್ಲೂ ಜನರಿದ್ದರು.

ಬೆಲ್ಟ್ ಬಿಗಿದುಕೊಂಡು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ನೇರ ಮುಂದೆ ನೋಡುತ್ತ ಕೂತಿದ್ದರು. ಎಲ್ಲರೂ ಗಂಡಸರು, ಎಲ್ಲರೂ ಎಳೆಯರು. ಯಾರ ಹತ್ತಿರವೂ ಒಂದು ಚೀಲವಿಲ್ಲ. ಎಲ್ಲರ ಕಾಲಲ್ಲೂ ಒಂದೇ ಥರದ ಹೊಸ ಬೂಟು, ಕೆಲವದಕ್ಕೆ ಬೆಲೆ ಚೀಟಿ ಇನ್ನೂ ನೇತಾಡುತ್ತಿತ್ತು. ಅವರು ಬೊರ್ಸೋಕ್ ತಿನ್ನುತ್ತಿದ್ದರು. ನಿಧಾನಕ್ಕೆ, ಸದ್ದಿಲ್ಲದೆ, ನಲವತ್ತು ದವಡೆಗಳು ಒಟ್ಟಿಗೆ ಆಡುತ್ತಿದ್ದವು. ನಾನು ಬಂದದ್ದಕ್ಕೆ ಒಂದು ಕಣ್ಣೂ ತಿರುಗಲಿಲ್ಲ.

ಕಲ್ಲಿನ ಮೇಲೆ ಕಂಡ ಮುಖಗಳಾವುವೂ ಇವರಲ್ಲಿರಲಿಲ್ಲ, ದೇವರ ದಯೆ. ಇವರು ಉಸಿರಾಡುತ್ತಿದ್ದರು. ಅಷ್ಟರಲ್ಲಿ ಕೆಳಗಿನಿಂದ ಕಾಲಿಚಾ ನರಳಿದ್ದು ಕೇಳಿ ನ್ಯಾಯ, ನಡುಕ ಎರಡನ್ನೂ ಪಕ್ಕಕ್ಕಿಟ್ಟೆ.

"ಒಬ್ಬ ಇಳೀಬೇಕು!" ಎಂದು ಕೂಗಿದೆ. "ಕೆಳಗೊಬ್ಬ ಹೆಂಗಸು ಸಾಯ್ತಿದ್ದಾಳೆ. ಆಸ್ಪತ್ರೆಗೆ ಸೇರಿಸ್ಬೇಕು. ಯಾರಾದ್ರೂ ಒಬ್ರು ಏಳ್ರಪ್ಪಾ!"

ಯಾರೂ ಏಳಲಿಲ್ಲ. ಅಗಿಯುವುದು ನಿಂತಿತು, ಅಷ್ಟೇ.

ಬಾಗಿಲ ಪಕ್ಕದ ಸೀಟಿನವನ ಮುಂದೆ ನಿಂತೆ. ಇಪ್ಪತ್ತೈದು ದಾಟದ ಹುಡುಗ. "ಹೆಸರೇನು?"

ಅವನು ಮಾತಾಡದೆ ಪಾಸ್‌ಪೋರ್ಟ್ ಎತ್ತಿ ಹಿಡಿದ. ಸಾತಿಂಬಾಯ್. ಬುರುಲ್ ಅಪಾಳ ತಮ್ಮ. ಹುಟ್ಟಿದ ವರ್ಷದ ಪ್ರಕಾರ ಇವನಿಗೀಗ ಎಪ್ಪತ್ತೊಂದು.

"ಸಾತಿಂಬಾಯ್, ನಿನ್ನ ಏಳು ತಲೆಮಾರು ಹೇಳಪ್ಪ. ಅಪ್ಪ, ಅಜ್ಜ, ಮುತ್ತಜ್ಜ, ಹೇಳ್ತಾ ಹೋಗು."

ನಮ್ಮಲ್ಲಿ ಆರು ವರ್ಷದ ಮಗುವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಪ್ಪಿಲ್ಲದೆ ಹೇಳುತ್ತದೆ. ಹುಡುಗ ತುಟಿ ಅಲುಗಿಸಿದ. ಆಮೇಲೆ ಪಾಸ್‌ಪೋರ್ಟಿನ ಪುಟ ತಿರುವಿ ಹುಡುಕಿದ. ಅಪ್ಪನ ಹೆಸರಿಗೆ ಪಾಸ್‌ಪೋರ್ಟ್ ನೋಡಿಕೊಂಡವನನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ.

"ಇಳಿ ಕೆಳಗೆ," ಎಂದು ಅವನ ಬೆಲ್ಟ್ ಬಿಚ್ಚಿದೆ. ಬಂದ.

ಎಸೆನ್ಕುಲ್ ಮೆಟ್ಟಿಲಲ್ಲಿ ಅಡ್ಡ ಬಂದ. ಅವನ ಕೋಟು ಹಿಡಿದುಕೊಂಡೆ. "ನೋಡು, ಈಕೆಯನ್ನ ಕೂರಿಸ್ತೀಯೋ, ಇಲ್ಲ ಈ ಗಾಡಿ ತಂದು ಚಕ್ರಕ್ಕೆ ಅಡ್ಡ ನಿಲ್ಲಿಸ್ಲೋ? ಆಮೇಲೆ ಒಳಗಿರೋ ಒಬ್ಬೊಬ್ಬರ ತಲೆಮಾರೂ ಕೇಳ್ತೀನಿ."

ಅವನು ಪೈಲಟ್ ಕಿಟಕಿ ನೋಡಿದ, ಗಡಿಯಾರ ನೋಡಿದ. "ಕೂರ್ಸಿ, ಬೇಗ ಕೂರ್ಸಿ," ಎಂದ.

ಅಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಆದರೆ ನಾನು ಆಗಲೇ ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ವಿಮಾನ ಎಲ್ಲಿಗೆ ಹೋದೀತು? ಒಂದು ಗಂಟೆ ಹತ್ತು ನಿಮಿಷಕ್ಕೆ ಬಿಷ್ಕೆಕ್. ಅಲ್ಲಿ ಕಾಲಿಚಾಳಿಗೆ ಆಂಬ್ಯುಲೆನ್ಸ್ ಕಾದಿರುತ್ತದೆ, ಈ ಮೂವತ್ತೊಂಬತ್ತು ಜನಕ್ಕೆ ಪೊಲೀಸರು ಕಾದಿರುತ್ತಾರೆ. ಒಂದೇ ಫೋನಿಗೆ ಎರಡೂ ಕೆಲಸ.

ಕಾಲಿಚಾಳನ್ನು ಎತ್ತಿ ಆ ಸೀಟಿನಲ್ಲಿ ಕೂರಿಸಿದೆ. ಅವಳ ಹಣೆ ತಣ್ಣಗಿತ್ತು. ಸುತ್ತ ಕೂತವರನ್ನು ಅವಳು ನೋಡಿದಳು, ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಬೈಕೆ, ಇವರೆಲ್ಲ ಯಾರು?"

"ಯಾರಾದ್ರಾಗ್ಲಿ, ಕಣ್ಮುಚ್ಕೋ. ಕಣ್ಬಿಟ್ಟಾಗ ಆಸ್ಪತ್ರೇಲಿರ್ತೀಯಾ."

"ನಿಮ್ಮ ಎರಡು ಗಂಟೆ ಫೋನು?"

"ಆ ಫೋನ್ ಕೆಟ್ಟುಹೋಯ್ತು," ಎಂದೆ. ಅವಳಿಗೆ ನಗು ಬಂತು. ಅಷ್ಟು ನೋವಿನಲ್ಲೂ ನಕ್ಕಳು. ನಾನು ಅವಳ ಬೆಲ್ಟ್ ಹಾಕಿದೆ, ಹೊಟ್ಟೆಯ ಕೆಳಗೆ, ಸಡಿಲವಾಗಿ.

ಇಳಿದು ಹತ್ತು ಹೆಜ್ಜೆ ಬಂದಿದ್ದೆ. ಹಿಂದೆ ಬಾಗಿಲು ಧಡಾರನೆ ಮುಚ್ಚಿತು. ತಿರುಗಿ ನೋಡಿದರೆ ಎಸೆನ್ಕುಲ್ ಇಲ್ಲ. ಬಾಗಿಲನ್ನು ಒಳಗಿನಿಂದ ಎಳೆದುಕೊಂಡವನು ಅವನೇ.

ವಿಮಾನ ಓಡಿತು, ಎದ್ದಿತು, ಮೋಡ ಅದನ್ನು ನುಂಗಿತು. ಬುರುಲ್ ಅಪಾ ಎರಡೂ ಅಂಗೈ ಮುಖಕ್ಕೆ ಸವರಿಕೊಂಡು ಪ್ರಾರ್ಥನೆ ಮುಗಿಸಿದಳು. ನಾನು ಫೋನ್ ತೆಗೆದು ಬಿಷ್ಕೆಕ್‌ನ ಆಂಬ್ಯುಲೆನ್ಸ್ ನಂಬರು ಒತ್ತಿದೆ.

ಹುಡುಗ ಹಿಮದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಮೊದಲ ಸಲ ಬಾಯಿ ಬಿಟ್ಟ. ನಮ್ಮ ಮಾತೇ, ಆದರೆ ಬೇರೆ ಸೀಮೆಯ ದನಿ.

"ಯಾರಿಗೆ ಫೋನು?"

"ಬಿಷ್ಕೆಕ್‌ಗೆ. ನಿನ್ನ ಗೆಳೆಯರಿಗೆ ಸ್ವಾಗತ ಮಾಡ್ಸೋಕೆ."

"ಬಿಷ್ಕೆಕ್‌ಗಾ?" ಅವನು ತಲೆಯೆತ್ತಿದ. ಮುಖ ಬಿಳಿಚಿಕೊಂಡಿತ್ತು. "ಆ ಹೆಂಗಸನ್ನ ಎಲ್ಲಿಗೆ ಅಂತ ಹತ್ತಿಸಿದ್ರಿ ನೀವು?"

"ಯಾಕೆ?"

"ವಿಮಾನ ಮಾರಿಬಿಟ್ಟಿದಾರೆ ಸಾಹೇಬ್ರೆ. ಕಂಪನಿ ಮುಗೀತಂತೆ. ಗಡಿಯಾಚೆ ಯಾರೋ ಕೊಂಡ್ಕೊಂಡಿದಾರೆ, ನಮ್ಮನ್ನೂ ಸೇರಿಸಿ. ಸತ್ತವರನ್ನ ಯಾರೂ ಹುಡುಕಲ್ಲ ಅಂತ ಈ ಪಾಸ್‌ಪೋರ್ಟ್ ಕೊಟ್ರು. ಇಳಿಯೋದು ಯಾವುದೋ ಮರಳುಗಾಡಲ್ಲಿ. ಅಲ್ಲಿ ಒಂದು ಮನೇನೂ ಇಲ್ವಂತೆ."

ಬಿಷ್ಕೆಕ್‌ಗೆ ಹೋಗುವ ವಿಮಾನ ಈ ಕಣಿವೆಯಿಂದ ಎದ್ದ ಮೇಲೆ ಬಲಕ್ಕೆ ತಿರುಗಬೇಕು. ನಾನು ಉಸಿರು ಬಿಗಿಹಿಡಿದು ಕಿವಿಗೊಟ್ಟೆ. ಮೋಡದ ಮೇಲಿನ ಸದ್ದು ನೆತ್ತಿಯ ಮೇಲೆ ಬಂತು, ಒಂದು ಕ್ಷಣ ಅಲ್ಲೇ ನಿಂತ ಹಾಗಾಯಿತು, ಆಮೇಲೆ ಎಡಕ್ಕೆ, ಗಡಿಯ ಹಿಮಬೆಟ್ಟಗಳ ಕಡೆಗೆ ತಿರುಗಿ ಸಣ್ಣದಾಗುತ್ತ ಹೋಯಿತು.

"ಹಲೋ, ಹೇಳಿ," ಎನ್ನುತ್ತಿದ್ದಳು ಫೋನಿನಲ್ಲಿ ಒಬ್ಬ ಹೆಣ್ಣುಮಗಳು. "ಆಂಬ್ಯುಲೆನ್ಸ್ ಎಷ್ಟು ಗಂಟೆಗೆ ಬರ್ಬೇಕು?"